ಫ್ಲವರ್‌ಹಾರ್ನಿಗೆ ಜೊತೆ ಹುಡುಕಿದ ಶ್ರಾವಣ

ಗಾಜಿಗೆ ಗಾಜು ಅಂಟಿಸುವ ಸಿಲಿಕಾನ್ ಗೋಂದಿಗೆ ಒಂದು ಹುಳಿ ವಾಸನೆ ಇರುತ್ತದೆ. ಬೈಲಹೊಂಗಲದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟು ಇಷ್ಟು ವರ್ಷವಾದರೂ ನನಗೆ ಅದು ರೂಢಿಯಾಗಿಲ್ಲ. ಬೇರೆಯವರಿಗೆ ತಲೆ ನೋಯುತ್ತದಂತೆ. ನನಗೆ ಅದರ ಬೆನ್ನಿಗೇ ರವೆ ಉಂಡಿಯ ತುಪ್ಪದ ವಾಸನೆ ಬಂದಂತಾಗಿ ಅಲ್ಲಿಂದ ಎದ್ದು ಹೋಗಬೇಕೆನಿಸುತ್ತದೆ. ಈ ಸಲ ಶ್ರಾವಣ ಹಿಡಿದ ಮೊದಲ ವಾರ ಗೆಳೆಯ ಮಿಲಿಂದನ ಗಾಜಿನ ಅಂಗಡಿಗೆ ಹೋದಾಗ ಅವನು ಯಾರದೋ ಮೀನಿನ ತೊಟ್ಟಿಗೆ ನಡುವೆ ಗಾಜು ಕೂಡಿಸಲು ಪಟ್ಟಿ ಅಂಟಿಸುತ್ತ ಕೂತಿದ್ದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವನು ತಲೆ ಎತ್ತಿ ನೋಡಿ ಫ್ಯಾನು ಜೋರು ಮಾಡಿದ.

ಏಳು ವರ್ಷದ ಹಿಂದಿನ ಮಾತು. ಆ ಮಳೆಗಾಲದಲ್ಲಿ ನಾನು ಆರು ಸಲ ರಾಮದುರ್ಗಕ್ಕೆ ನನ್ನ ತಂಗಿ ಸುವರ್ಣಾಳ ಮನೆಗೆ ಹೋಗಿದ್ದೆ. ಐದು ಸಲ ಮೀನು ನೋಡಿ ಬಂದೆ. ಆರನೆಯ ಸಲ ತಂಗಿಯನ್ನು ನೋಡಿದೆ.

ಮೊದಲು ನನ್ನ ಸೊಕ್ಕಿನ ವಿಷಯ ಹೇಳಿಬಿಡುತ್ತೇನೆ. ನಮ್ಮದು ವಿಭೂತಿ ಹಚ್ಚಿಕೊಂಡೇ ಚಹಾ ಕುಡಿಯುವ ಮನೆ. ತತ್ತಿ ಒಡೆದ ವಾಸನೆ ಬಂದರೆ ಅವ್ವ ಸೆರಗು ಮೂಗಿಗೆ ಒತ್ತಿಕೊಳ್ಳುವವಳು. ಅಂಥ ಮನೆಯವನು ಕಿರಾಣಿ ಅಂಗಡಿ ಬಿಟ್ಟು ಮೀನಿನ ಅಂಗಡಿ ತೆಗೆದಾಗ ಬಳಗದವರಿಗೆ ಅರ್ಥವಾಗಲಿಲ್ಲ. ನಮ್ಮ ಅತ್ತೆಯೊಬ್ಬಳು, ಇವನು ತಕ್ಕಡಿಯಲ್ಲಿ ಮೀನು ತೂಗಿ ಮಾರುತ್ತಾನೆ ಎಂದು ತಿಳಿದು ಆರು ತಿಂಗಳು ನಮ್ಮ ಮನೆಯ ನೀರು ಮುಟ್ಟಲಿಲ್ಲ. ಕೊನೆಗೆ ಅವಳನ್ನು ಅಂಗಡಿಗೆ ಕರೆತಂದು ಗಪ್ಪಿ ಮೀನು ತೋರಿಸಿದೆ. "ಯವ್ವಾ, ಇವು ಉಪ್ಪಿಗೂ ಬರಂಗಿಲ್ಲ ಬಿಡು" ಎಂದು ಸಮಾಧಾನಪಟ್ಟುಕೊಂಡು ಹೋದಳು.

ಗಪ್ಪಿಯಂಥ ಸಾಧು ಮೀನನ್ನು ಯಾರು ಬೇಕಾದರೂ ಮಾರಬಹುದು. ನನ್ನ ಹೆಸರು ಓಡಾಡಿದ್ದು ಜಗಳಗಂಟ ಮೀನುಗಳಿಂದ. ಕಿತ್ತೂರಿನ ಒಂದು ಖಾನಾವಳಿಯಲ್ಲಿ ಆಸ್ಕರ್ ಎಂಬ ಮೀನಿತ್ತು, ಅಂಗೈ ಅಗಲದ್ದು. ಜೊತೆಗೆ ಬಿಟ್ಟ ಏನನ್ನೂ ಅದು ಉಳಿಸುತ್ತಿರಲಿಲ್ಲ. ನಾನು ಹೋಗಿ ತೊಟ್ಟಿ ದೊಡ್ಡದು ಮಾಡಿಸಿದೆ. ಒಳಗಿನ ಕಲ್ಲುಗಳನ್ನೆಲ್ಲ ಜಾಗ ಬದಲಿಸಿ, ಹಳೆಯ ಮೀನಿಗೆ ತನ್ನದೆನ್ನುವ ಮೂಲೆಯೇ ತಿಳಿಯದಂತೆ ಮಾಡಿದೆ. ಆಮೇಲೆ ಅದರ ಬಾಯಿಗಿಂತ ಅಗಲವಾದ ಐದು ಸಿಲ್ವರ್ ಡಾಲರ್ ಮೀನುಗಳನ್ನು ಒಮ್ಮೆಲೇ ಬಿಟ್ಟೆ. ಒಂದೇ ಆದರೆ ಅಟ್ಟಿಸಿಕೊಂಡು ಹೋಗುತ್ತದೆ, ಐದಾದರೆ ಯಾವುದನ್ನು ಅಟ್ಟಬೇಕು ಎಂದು ಅದಕ್ಕೇ ತಿಳಿಯುವುದಿಲ್ಲ. ವಾರದಲ್ಲಿ ಎಲ್ಲ ಶಾಂತ. ಖಾನಾವಳಿಯವನು ಬಂದವರಿಗೆಲ್ಲ ಸಾರಿದ: "ಮೀನಿನ ಬೀಗತನಾ ಮಾಡೂದಿದ್ರ ಬೈಲಹೊಂಗಲದ ಈರಣ್ಣನ್ನ ಕೇಳ್ರಿ." ಸವದತ್ತಿಯಿಂದ, ಉಗರಗೋಳದಿಂದ, ರಾಮದುರ್ಗದಿಂದ ಫೋನು ಬರತೊಡಗಿದವು. "ಕೂಡಿ ಬಾಳಲಾರದ ಜೀವ ಅನ್ನೂದು ಇಲ್ರಿ, ಕೂಡಸಾಂವಗ ಬರಬೇಕು ಅಷ್ಟ" ಎಂದು ನಾನೂ ಡೈಲಾಗ್ ಹೊಡೆಯುತ್ತಿದ್ದೆ. ಎಷ್ಟು ಸಲ ಹೊಡೆದೆನೆಂದರೆ ಅದು ನಿಜವೆಂದು ನಾನೇ ನಂಬಿಬಿಟ್ಟೆ.

ಸುವರ್ಣಾಳ ಬೀಗತನವನ್ನು ಮಾಡಿದ್ದೂ ನಾನೇ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಏನೇ ಬಂದರೂ ಅವ್ವ "ಈರಣ್ಣ ಹೇಳಿದಂಗ" ಎಂದು ಕೈ ತೊಳೆದುಕೊಳ್ಳುತ್ತಿದ್ದಳು. ವರ ಮಹಾಂತೇಶನಿಗೆ ರಾಮದುರ್ಗದ ಪೇಟೆಯಲ್ಲಿ ಬಟ್ಟೆ ಅಂಗಡಿ. ಮೆಲ್ಲನೆಯ ಮಾತು, ಇಸ್ತ್ರಿ ಮುರಿಯದ ಅಂಗಿ. ಎಡಚ. ಅಕ್ಷತೆ ಹಾಕುವಾಗ ಎಡಗೈ ಮುಂದೆ ಬಂತೆಂದು ಹೆಂಗಸರು ಕಾಡಿಸಿದರೆ ತಾನೂ ನಕ್ಕ. ಇಷ್ಟು ಸಮಾಧಾನದ ಹುಡುಗ ಸಿಕ್ಕಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮದುವೆಯ ಮರುವರ್ಷ ಜೂನಿನಲ್ಲಿ ಮಿರಗದ ಮಳೆ ಬಿದ್ದ ವಾರ ಅವನಿಗೆ ನಾಲ್ಕು ಅಡಿಯ ತೊಟ್ಟಿ, ಅದರೊಳಗೊಂದು ಫ್ಲವರ್‌ಹಾರ್ನ್ ಒಯ್ದು ಕೊಟ್ಟೆ. ಹಣೆಯ ಮೇಲೆ ದಪ್ಪ ಗುಬಟು ಏಳುವ ಕೆಂಪು ಮೀನು ಅದು. ಗುಬಟು ದೊಡ್ಡದಾದಷ್ಟೂ ಮನೆಗೆ ಲಕ್ಷ್ಮಿ ಬರುತ್ತಾಳೆಂದು ಇತ್ತೀಚೆಗೆ ಎಲ್ಲರೂ ನಂಬುತ್ತಾರೆ. ಮಹಾಂತೇಶ ಅದಕ್ಕೆ ರಾಜಾ ಎಂದು ಹೆಸರಿಟ್ಟ. ಪಡಸಾಲೆಯಲ್ಲಿ ಕೂತು ಎಡಗೈಯಿಂದ ಒಂದೊಂದೇ ಕಾಳು ಹಾಕುತ್ತ, "ನನ್ನ ಕೈಯಾಗಿಂದಷ್ಟ ತಿಂತದ, ನೋಡ್ರಿ" ಎಂದು ಹೆಮ್ಮೆಪಟ್ಟ. ಹದಿನೈದು ದಿನಕ್ಕೆ ಫೋನು ಮಾಡಿ, "ಈರಣ್ಣಾರ, ಒಂದ ಮೀನ ಇದ್ರ ತೊಟ್ಟಿ ಬಿಕೋ ಅಂತೈತಿ. ಜೋಡಿ ತರ್ರಿ" ಎಂದ.

ಫ್ಲವರ್‌ಹಾರ್ನಿಗೆ ಜೊತೆ ಇಲ್ಲ. ಅದು ನನಗೆ ಗೊತ್ತಿತ್ತು. ಅದರ ರಕ್ತದಲ್ಲೇ ಅದಿಲ್ಲ, ತನ್ನ ಹೆಣ್ಣನ್ನೇ ಕೊಂದುಹಾಕಿದ್ದನ್ನು ನೋಡಿದ್ದೇನೆ. ಬೇರೆ ಗಿರಾಕಿಯಾಗಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ. ಆದರೆ ಬೀಗರ ಮನೆ, ಮೇಲಾಗಿ ನನ್ನ ಹೆಸರು. ಆಗುವುದಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

ಎರಡನೆಯ ಸಲ ಎರಡು ಸಿಲ್ವರ್ ಡಾಲರ್ ಒಯ್ದೆ. ಕಲ್ಲು ಬದಲಿಸಿದೆ, "ಮೂರ ದಿನಾ ತಡೀರಿ, ಹೊಂದಿಕೊಳ್ತಾವ" ಎಂದೆ. ಮೂರು ದಿನ ಹೊಂದಿಕೊಂಡವು, ನಾಲ್ಕನೆಯ ದಿನ ಇರಲಿಲ್ಲ. ಮೂರನೆಯ ಸಲ ಮೈಮೇಲೆ ಕವಚವಿರುವ ದೊಡ್ಡ ಸಕ್ಕರ್ ಮೀನು ಬಿಟ್ಟೆ. ಅದು ತಳದಲ್ಲಿ ಅಂಟಿಕೊಂಡು ಪಾಚಿ ತಿನ್ನುವ ಬಡಜೀವ. ಕವಚ ಒಡೆಯಲಾಗದೆ ರಾಜಾ ಅದರ ಕಣ್ಣು ಕಿತ್ತಿತು.

ಹೋದಾಗಲೆಲ್ಲ ನಾನು ಪಡಸಾಲೆಯಲ್ಲಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂಡುತ್ತಿದ್ದೆ. ಸುವರ್ಣಾ ಚಹಾ ತಂದಿಡುತ್ತಿದ್ದಳು. ಕಪ್ಪು ನೆನಪಿದೆ, ನೀಲಿ ಹೂವಿನದು. ಅವಳ ಮುಖ ಆ ದಿನಗಳಲ್ಲಿ ಹೇಗಿತ್ತೆಂದು ಕೇಳಿದರೆ ಹೇಳಲಾರೆ.

ಫೋನಿನಲ್ಲೂ ಮೀನಿನ ಮಾತೇ. ಏಟು ತಿನ್ನುವ ಮೀನನ್ನು ಗುರುತಿಸುವುದು ಹೇಗೆಂದು ಅವಳಿಗೆ ಪಾಠ ಹೇಳಿಕೊಟ್ಟಿದ್ದೆ. ಗಾಯ ಆಮೇಲೆ ಕಾಣುತ್ತದೆ, ಮೊದಲು ಅದು ನಿಲ್ಲುವ ಜಾಗ ನೋಡಬೇಕು. ನಡುನೀರಿಗೆ ಬರುವುದಿಲ್ಲ. ಗಾಜಿನ ಅಂಚು ಹಿಡಿದು ಓಡಾಡುತ್ತದೆ, ನೀರು ಸೋಸುವ ಮೋಟಾರಿನ ಹಿಂದೆ ಮೇಲಿನ ಮೂಲೆಯಲ್ಲಿ ರೆಕ್ಕೆ ಮಡಚಿ ನಿಲ್ಲುತ್ತದೆ. ಕಾಳು ಹಾಕಿದರೆ ಮೊದಲು ದೊಡ್ಡದರ ಕಡೆ ನೋಡಿ ಆಮೇಲೆ ಕಾಳಿನ ಕಡೆ ನೋಡುತ್ತದೆ. ಅವಳು ಒಂದೊಂದನ್ನೂ ನೋಡಿ ವರದಿ ಕೊಡುತ್ತಿದ್ದಳು. ನಾನು ಇಪ್ಪತ್ತು ಪ್ರಶ್ನೆ ಕೇಳುತ್ತಿದ್ದೆ. ನೀನು ಹೇಗಿದ್ದೀ ಎನ್ನುವುದು ಅದರಲ್ಲಿ ಇರಲಿಲ್ಲ.

ಶ್ರಾವಣ ಬಂತು. ಸುವರ್ಣಾಳ ಅತ್ತೆ ಮೊದಲ ದಿನವೇ ಮೀನಿನ ಕಾಳಿನ ಡಬ್ಬಿ ಮೂಸಿ ನೋಡಿ, ಅದರಲ್ಲಿ ಸೀಗಡಿ ಪುಡಿ ಇದೆಯೆಂದು ಹೊರಗಿಟ್ಟರಂತೆ. ಶ್ರಾವಣದಲ್ಲಿ ಮನೆಯೊಳಗೆ ಮಾಂಸ ಸಲ್ಲದು, ಮೀನಿಗಾದರೂ ಅಷ್ಟೇ. ರಾಜಾನಿಗೆ ಬೇಯಿಸಿದ ಬಟಾಣಿ, ಚಪಾತಿಯ ಚೂರು. ಸಸ್ಯಾಹಾರ ತಿಂದರೆ ಸಿಟ್ಟೂ ಇಳಿಯುತ್ತದೆ ಎಂದು ಹಿರಿಯರು ತೀರ್ಮಾನ ಮಾಡಿದರು. ನಾನು ಫೋನಿನಲ್ಲಿ, "ಆತು, ಒಂದ ತಿಂಗಳ ನಡೀತದ" ಎಂದೆ. ಹಸಿದ ಫ್ಲವರ್‌ಹಾರ್ನು ಏನು ಮಾಡುತ್ತದೆಂದು ತಿಳಿದೂ ತಿಳಿದೂ ಹಾಗೆಂದೆ.

ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಅಣ್ಣ ಹೋಗಲೇಬೇಕು. ನಾಲ್ಕನೆಯ ಸಲ ಹೋದದ್ದು ಹಾಗೆ. ಅವ್ವ ಕಟ್ಟಿಕೊಟ್ಟ ಉಂಡಿಯ ಡಬ್ಬಿ ಒಂದು ಕಡೆ, ಮಿಲಿಂದ ಮತ್ತು ಅವನ ಗಾಜು ಒಂದು ಕಡೆ. ತೊಟ್ಟಿಯನ್ನೇ ಎರಡು ಮಾಡಿ, ಆ ಬದಿಗೆ ಒಂದು ಎಳೆಯ ಆಸ್ಕರ್ ಬಿಡುವುದು ಎಂದು ಉಪಾಯ ಮಾಡಿದ್ದೆ. ಮಿಲಿಂದ ದಾರಿಯುದ್ದಕ್ಕೂ ಬೈದ. "ಬ್ಯಾಡಪಾ ಈರಣ್ಣ. ಗಾಜು ನೀರ ತಡೀತದ. ಒಂದರ ಮ್ಯಾಲಿನ ಒಂದರ ಸಿಟ್ಟು ತಡಿಯಂಗಿಲ್ಲ. ಆ ಕಡೆ ಈ ಕಡೆ ಕಾಣಕೋತನ ಇರತಾವ." ನಾನು ಕೇಳಲಿಲ್ಲ. ಅವನು ತೊಟ್ಟಿ ಬರಿದು ಮಾಡಿ ಎರಡೂ ಬದಿಗೆ ಪಟ್ಟಿ ಅಂಟಿಸಿ, ಮೇಲೆ ಎತ್ತಿ ತೆಗೆಯಲು ಬರುವಂತೆ ಗಾಜು ಜಾರಿಸಿದ. ಒಣಗಲಿ ಎಂದು ಮೀನುಗಳನ್ನು ಎರಡು ಡ್ರಮ್ಮುಗಳಲ್ಲಿಟ್ಟು, ಮರುದಿನ ನೀರು ತುಂಬಿ ಒಳಗೆ ಬಿಡಲು ಮಹಾಂತೇಶನಿಗೆ ಹೇಳಿಕೊಟ್ಟೆವು. ಪಡಸಾಲೆಯ ತುಂಬ ಸಿಲಿಕಾನಿನ ಹುಳಿ ವಾಸನೆ, ಅದರೊಳಗೆ ತೆರೆದಿಟ್ಟ ಉಂಡಿಯ ತುಪ್ಪದ ವಾಸನೆ.

ಸಾಮಾನು ಗಾಡಿಗೆ ಏರಿಸುವಾಗ ಮಿಲಿಂದ ನನ್ನನ್ನು ಪಕ್ಕಕ್ಕೆ ಕರೆದ. ಅವನು ನಮ್ಮ ಮನೆಯ ಹಬ್ಬಗಳಲ್ಲೆಲ್ಲ ಇದ್ದವನು, ಸುವರ್ಣಾ ಅವನಿಗೂ ರಾಖಿ ಕಟ್ಟುತ್ತಾಳೆ.

"ಸುವ್ವಿ ಗ್ವಾಡಿ ಹಿಡದ ಅಡ್ಡಾಡತಾಳ, ನೋಡಿದಿ? ಪಡಸಾಲ್ಯಾಗ ಅಷ್ಟ ಜಾಗಾ ಐತಿ, ನಡಕ ಬರವಲ್ಲಳು."

"ಅತ್ತಿ ಮನಿ. ಅಂಜಿಕಿ ಇರತದ" ಎಂದೆ. ಅವನು ಹೋಗಿ ಗಾಡಿಯ ಹಿಂದೆ ಕೂತ.

ಪಂಚಮಿಯ ಮರುದಿನ, ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿಗೆ ಹೋಗಿದ್ದಾಗ, ಸುವರ್ಣಾ ಅಂಗಡಿಗೆ ಬಂದಳು. ತೊಟ್ಟಿಗಳ ನಡುವೆ ನಿಂತು ನೇರವಾಗಿ ಹೇಳಿದಳು.

"ಅಣ್ಣಾ, ಅವರು ಕೈ ಮಾಡತಾರ. ಯಾರೂ ಇಲ್ಲದಾಗ. ನನ್ನ ತಿರಗಿ ಕಳಸಬ್ಯಾಡ."

ನನಗೆ ಸಿಟ್ಟು ಬಂತು, ಅಳು ಬಂತು, ಎರಡೂ ನಿಜ. ಆದರೆ ಆ ಎರಡರ ಕೆಳಗೆ ಇನ್ನೊಂದಿತ್ತು: ನಾನು ಕೂಡಿಸಿದ ಜೋಡಿ ಇದು. ಅವ್ವನಿಗೆ ಹೇಳಿದೆ. ಅವಳು ಅತ್ತು, ಕಣ್ಣು ಒರೆಸಿಕೊಂಡು, "ನೀ ಹೇಳಿದಂಗ" ಎಂದಳು. ನಾನು ಮಹಾಂತೇಶನಿಗೆ ಫೋನು ಹಚ್ಚಿದೆ. ಅವನು ಮೆಲ್ಲನೆಯ ದನಿಯಲ್ಲಿ ತಪ್ಪಾಯಿತೆಂದ, ಇನ್ನು ಹಾಗಾಗದೆಂದ. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಿತ್ತು.

ಎರಡು ದಿನ ಬಿಟ್ಟು ನಾನೇ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟೆ. ಅವಳು ನನ್ನ ಎಡಕ್ಕೆ, ಕಿಡಕಿಯ ಬದಿ ಕೂತಿದ್ದಳು. ಸವದತ್ತಿ ದಾಟಿ ನವಿಲುತೀರ್ಥದ ಹತ್ತಿರ ಬರುವವರೆಗೂ ನಾನು ಬುದ್ಧಿ ಹೇಳಿದ್ದೇ ಹೇಳಿದ್ದು. "ಮ್ಯಾಲಿನ ಖೋಲಿ ನಿಮಗ ಬ್ಯಾರೆ ಮಾಡಸ್ತೇನಿ. ಜಾಗಾ ಬದಲಾದ್ರ, ಸ್ವಲ್ಪ ಅಂತರ ಇದ್ರ, ಸಿಟ್ಟು ತಾನ ಇಳೀತದ. ಹೊಂದಿಕೊಳ್ಳಾಕ ಟೈಮ್ ಕೊಡಬೇಕವಾ." ಅವಳು ನನ್ನ ಕಡೆ ತಿರುಗಿ ಕೂತು ಒಂದು ಶಬ್ದ ಬಿಡದೆ ಕೇಳಿಸಿಕೊಂಡಳು. ಕೇಳಿ, ಒಂದೇ ಮಾತು ಕೇಳಿದಳು:

"ಮ್ಯಾಲಿನ ಖೋಲ್ಯಾಗೂ ಇಬ್ಬರ ಇರತೇವಲ್ಲ ಅಣ್ಣಾ?"

ಡ್ಯಾಮಿನ ಗೇಟು ತೆರೆದಿದ್ದರು. ಬಿಳಿ ನೀರು ದಬದಬ ಬೀಳುತ್ತಿತ್ತು. "ಎಷ್ಟ ನೀರ ಬಿಟ್ಟಾರ ನೋಡ" ಎಂದು ಮಾತು ಮರೆಸಿದೆ. ರಾಮದುರ್ಗದಲ್ಲಿ ಅವಳನ್ನು ಇಳಿಸಿ, ತೊಟ್ಟಿಯ ಗಾಜು ಗಟ್ಟಿ ಕೂತಿದೆಯೇ ಎಂದು ಅಲುಗಾಡಿಸಿ ನೋಡಿ ಬಂದೆ.

ಆಮೇಲೆ ಅವಳ ಫೋನು ನಿಂತಿತು. ನಾನು ಮಾಡಿದರೆ ಮಹಾಂತೇಶ ಎತ್ತಿ, ಅಡುಗೆಮನೆಯಲ್ಲಿದ್ದಾಳೆ ಎನ್ನುತ್ತಿದ್ದ. ಶ್ರಾವಣದ ಮೂರನೆಯ ವಾರ ಅವನೇ ಫೋನು ಮಾಡಿದ. "ಮಂದಿ ಬಂದಿದ್ರು, ನಡಕ ಗಾಜ ಛಲೋ ಕಾಣಲಿಲ್ರಿ. ತಗದ ಬಿಟ್ಟೇನಿ. ಎರಡೂ ಆರಾಮ ಅದಾವ, ಬಂದ ನೋಡ್ರಿ." ನಾನು ಅಂಗಡಿ ಹಾಗೇ ಬಿಟ್ಟು ಹೊರಟೆ. ಹೊರಟಿದ್ದು ಮೀನಿಗಾಗಿ. ಇದರಲ್ಲಿ ಸುಳ್ಳು ಹೇಳಲಾರೆ.

ಆಸ್ಕರ್ ಮೇಲಿನ ಮೂಲೆಯಲ್ಲಿ ಮೋಟಾರಿನ ಹಿಂದೆ ನಿಂತಿತ್ತು. ಬಾಲದ ಬುಡವಷ್ಟೇ ಉಳಿದಿತ್ತು, ಒಂದು ಮಗ್ಗುಲಿನ ಹುರುಪೆ ಪೂರ ಕಿತ್ತು ಬಂದಿತ್ತು. ರಾಜಾ ನಡುನೀರಿನಲ್ಲಿ ತಿರುಗುತ್ತಿತ್ತು.

"ಹೊಂದಿಕೊಳ್ತಾವ ಬಿಡ್ರಿ" ಎಂದ ಮಹಾಂತೇಶ. "ಮೂರ ದಿನಾ ತಡೀರಿ ಅಂತ ನೀವ ಹೇಳಿದ್ರಲ್ಲ."

ನನ್ನ ಮಾತು ಅವನ ಬಾಯಲ್ಲಿ ಕೇಳಿ, ಆಸ್ಕರನ್ನು ಹೊರಗೆ ತೆಗೆಯಲು ಎದ್ದೆ. ಬಕೆಟ್ ಬೇಕಿತ್ತು. "ಸುವ್ವೀ" ಎಂದು ಕೂಗಿದೆ. ಅವಳು ಅಡುಗೆಮನೆಯ ಬಾಗಿಲಲ್ಲೇ ಇದ್ದಳು, ತಿರುಗಲಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡೆ. ಮತ್ತೆ ಜೋರಾಗಿ ಕೂಗಿದ ಮೇಲೆ ಗೋಡೆ ಹಿಡಿದು ಬಂದಳು. ಮಹಾಂತೇಶ ತೊಟ್ಟಿಯಲ್ಲಿ ಏನನ್ನೋ ತೋರಿಸಲು ಎಡಗೈ ಎತ್ತಿದ. ಅವಳು ತಲೆ ಒಳಗೆ ಎಳೆದುಕೊಂಡಳು. ಭುಜ ಎರಡೂ ಮಡಚಿದವು. ಮೊದಲು ಅವನ ಕೈಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

ಸಾವಿರ ಮೀನುಗಳಲ್ಲಿ ನಾನು ಕಣ್ಣು ಮಿಟುಕಿಸುವುದರೊಳಗೆ ಗುರುತಿಸುತ್ತಿದ್ದದ್ದು ಅದೇ. ಒಡಹುಟ್ಟಿದವಳಲ್ಲಿ ಗುರುತಿಸಲು ಆರನೆಯ ಸಲ ಬರಬೇಕಾಯಿತು.

"ಚೀಲಾ ತಗೊ. ಹೋಗೂಣು" ಎಂದೆ ಅವಳ ಎದುರಿಗೆ ಹೋಗಿ ನಿಂತು.

"ಯಾಕ್ರಿ? ಪಂಚಮಿ ಮುಗೀತಲ್ಲ?" ಎಂದ ಮಹಾಂತೇಶ, ಅದೇ ಮೆಲ್ಲನೆಯ ದನಿಯಲ್ಲಿ.

"ಹೌದು. ಎಲ್ಲಾ ಮುಗೀತು."

ಅವಳು ಒಳಗೆ ಹೋಗಿ ಚೀಲ ತಂದಳು. ಅದು ಮೊದಲೇ ಕಟ್ಟಿಟ್ಟ ಚೀಲ ಎಂದು ನೋಡಿದ ಕೂಡಲೇ ತಿಳಿಯಿತು. ಹೊಸ್ತಿಲಲ್ಲಿ ನಿಂತು, "ಆ ಮೀನಾ?" ಎಂದಳು. ಆಸ್ಕರನ್ನು ಬಕೆಟ್ಟಿಗೆ ಹಾಕಿದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಜಾಗದಲ್ಲಿ, ಕಿಡಕಿಯ ಬದಿ ಕೂತಳು. ಈ ಸಲ ಮುಖ ಹೊರಗೆ.

ಅದೇ ರಸ್ತೆ, ಅದೇ ಮಳೆ. ಊರು ದಾಟಿದ ಮೇಲೆ ನಾನು ಮಾತಾಡತೊಡಗಿದೆ. ಸಂಬಂಧ ನೋಡುವಾಗ ಅವನ ಅಂಗಿಯ ಇಸ್ತ್ರಿ ನೋಡಿದ್ದೆನೆಂದು ಹೇಳಿದೆ. ಹೆಸರು ಕೆಟ್ಟೀತೆಂದು ಅಂಜಿದ್ದು ಹೇಳಿದೆ. ಪಂಚಮಿಯಲ್ಲಿ ಕಳಿಸಬಾರದಿತ್ತು ಎಂದು ಎಷ್ಟು ಸಲ ಹೇಳಿದೆನೋ. ಸವದತ್ತಿ ಬರುವವರೆಗೆ ಅಳುತ್ತಲೇ ಹೇಳಿದೆ. ಅವಳು ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಬಕೆಟ್ಟಿನ ನೀರು ತುಳುಕಿ ಸೀರೆ ತೊಯ್ಯುತ್ತಿತ್ತು, ಅದನ್ನೂ ನೋಡಲಿಲ್ಲ. ಕ್ಷಮಿಸಲಾರಳು, ಸರಿಯೇ ಇದೆ ಎಂದುಕೊಂಡು ಸುಮ್ಮನಾದೆ.

ವಾರದ ಮೇಲೆ ಧಾರವಾಡದಲ್ಲಿ ಕಿವಿಯ ಡಾಕ್ಟರರಿಗೆ ತೋರಿಸಿದೆವು. ಬಲಗಿವಿ ಪೂರ್ತಿ ಹೋಗಿದೆ, ಇನ್ನು ಬರುವುದಿಲ್ಲ ಎಂದರು. ಯಾವಾಗ ಏಟು ಬಿತ್ತು ಎಂದು ಕೇಳಿದರು.

"ಪಂಚಮಿ ಆಗಿ ಎಂಟ ದಿನಕ್ಕ್ರಿ" ಎಂದಳು ಸುವರ್ಣಾ.

ಪಂಚಮಿಗೆ ಬಂದಾಗ ಎರಡೂ ಕಿವಿ ಕೇಳುತ್ತಿದ್ದವು. ಹೋಗುವ ದಾರಿಯಲ್ಲಿ ನಾನು ಹೇಳಿದ ಬುದ್ಧಿಯ ಮಾತನ್ನೆಲ್ಲ ಅವಳು ಆ ಕಿವಿಯಿಂದಲೇ ಕೇಳಿದ್ದಳು. ಬರುವ ದಾರಿಯಲ್ಲಿ ನಾನು ಅತ್ತು ಹೇಳಿದ್ದು ಆ ಕಿವಿಗೇ ಬಿದ್ದಿತ್ತು, ಒಳಗೆ ಹೋಗಿರಲಿಲ್ಲ. ಮತ್ತೊಮ್ಮೆ ಹೇಳುವುದು ನನ್ನಿಂದ ಆಗಲಿಲ್ಲ. ನಾಳೆ ಹೇಳೋಣ ಎಂದುಕೊಂಡದ್ದು ವರ್ಷಗಟ್ಟಲೆ ಹೋಯಿತು.

ಬೀಗರ ಕಡೆಯ ಹಿರಿಯರು ಎರಡು ಸಲ ಬಂದರು. ಹೊಂದಿಕೊಂಡು ಹೋಗಬೇಕು ಎಂದು ನನ್ನದೇ ಮಾತುಗಳನ್ನು ನನಗೆ ಹೇಳಿದರು. ಚಹಾ ಕೊಟ್ಟು ಕಳಿಸಿದೆ. ಕೋರ್ಟಿನ ಕೆಲಸ ಮುಗಿಯಲು ಮೂರು ವರ್ಷ ಹಿಡಿಯಿತು. ಆಸ್ಕರಿಗೆ ಬಾಲ ಮತ್ತೆ ಚಿಗುರಿತು, ತುಸು ಸೊಟ್ಟಗೆ. ಅದು ಆರು ವರ್ಷ ನಮ್ಮ ಅಂಗಡಿಯಲ್ಲಿ ಒಂದೇ ಇತ್ತು, ಒಂದು ದಿನವೂ ಮೂಲೆ ಹಿಡಿಯಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಈಗ ಸುವರ್ಣಾ ಕೂಡುತ್ತಾಳೆ, ಬಲಗಡೆ ಗೋಡೆ ಬರುವಂತೆ ಕುರ್ಚಿ ಹಾಕಿಕೊಂಡು. ಜಗಳಗಂಟ ಮೀನಿಗೆ ಜೊತೆ ಕೇಳಿ ಬಂದವರನ್ನು ಅವಳೇ ವಿಚಾರಿಸುತ್ತಾಳೆ. ಬೇಡ ಎನ್ನುವಲ್ಲಿ ಬೇಡ ಎನ್ನುತ್ತಾಳೆ. "ಒಂದ ಇದ್ರ ಅದಕ್ಕ ಬ್ಯಾಸರ ಆಗಂಗಿಲ್ಲೇನ್ರಿ?" ಎಂದು ಯಾರಾದರೂ ಕೇಳಿದರೆ, "ಹಂಗಂತ ಅದು ನಿಮಗ ಹೇಳೇತೇನ್ರಿ?" ಎಂದು ನಗುತ್ತಾಳೆ.

ಈ ಶ್ರಾವಣದಲ್ಲಿ ಮಿಲಿಂದ ಅಂಟಿಸುತ್ತಿದ್ದ ಆ ತೊಟ್ಟಿ ರಾಮದುರ್ಗದ್ದೇ ಆಗಿತ್ತು, ಒಬ್ಬ ಹಲ್ಲಿನ ಡಾಕ್ಟರರದು. ಮುಟ್ಟಿಸಲು ಹೊರಟಾಗ ಸುವರ್ಣಾ ತಾನೂ ಬರುತ್ತೇನೆಂದಳು. ಬೇಡವೆಂದೆ. "ಊರ ಏನ ಮಾಡೇತಿ ನನಗ?" ಎಂದು ಚಪ್ಪಲಿ ಮೆಟ್ಟಿದಳು. ಹೋಗಿ ತೊಟ್ಟಿ ಕೂಡಿಸಿ, ನಡುವಿನ ಗಾಜು ಯಾವತ್ತೂ ತೆಗೆಯಬಾರದೆಂದು ಅವಳು ಡಾಕ್ಟರರಿಗೆ ಮೂರು ಸಲ ಹೇಳಿ, ಮಧ್ಯಾಹ್ನದ ಮಳೆಯಲ್ಲಿ ಹಿಂದಿರುಗಿದೆವು. ನವಿಲುತೀರ್ಥದ ಹತ್ತಿರ ಗೇಟಿನ ನೀರು ನೋಡಲು ಬಂದ ಗಾಡಿಗಳಿಂದ ರಸ್ತೆ ಕಟ್ಟಿತ್ತು. ನಾನು ಗಾಡಿ ನಿಲ್ಲಿಸಿ ಇಳಿದೆ. ಮಳೆಯಲ್ಲೇ ಸುತ್ತು ಹಾಕಿ ಅವಳ ಕಿಡಕಿಯ ಬದಿಗೆ, ಎಡಗಿವಿಯ ಬದಿಗೆ ಹೋಗಿ ನಿಂತೆ. ಅವಳು ಗಾಜು ಇಳಿಸಿದಳು.

"ಸುವ್ವಿ, ಅವತ್ತ ಈ ದಾರ್ಯಾಗ ನಾ ಒಂದ ಮಾತ ಹೇಳಿದ್ದೆ. ನಿನಗ ಕೇಳಿರಲಿಲ್ಲ."

"ಹೇಳಾಕ ಹತ್ತಿದ್ದಿ ಅನ್ನೂದು ಗೊತ್ತಿತ್ತು" ಎಂದಳು. "ಕಿಡಕಿ ಗಾಜಿನ್ಯಾಗ ನಿನ್ನ ಬಾಯಿ ಕಾಣತಿತ್ತು. ಅಳೂದೂ ಕಾಣತಿತ್ತು. ತಿರಗಿ ಈ ಕಿವಿ ಕೊಡಬಹುದಿತ್ತು ಅಣ್ಣಾ, ಕೊಡಲಿಲ್ಲ. ಅವತ್ತ ಕೇಳೂ ಮನಸ್ಸ ಇರಲಿಲ್ಲ."

ಮಳೆ ನನ್ನ ಕುತ್ತಿಗೆಯೊಳಗೆ ಇಳಿಯುತ್ತಿತ್ತು. ಅವಳು ಸೆರಗಿನಿಂದ ನನ್ನ ಕನ್ನಡಕ ಒರೆಸಿ ಕೊಟ್ಟಳು.

"ಈಗ ಹೇಳು."

"ಕಳಸಬಾರದಿತ್ತು ತಂಗಿ. ತಪ್ಪು ನಂದು" ಎಂದೆ. ಹಿಂದಿನ ಲಾರಿಯವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ಅವಳು ಕಿಡಕಿಯಿಂದ ಇನ್ನಷ್ಟು ಬಾಗಿ ಕಿವಿ ಹತ್ತಿರ ತಂದಳು, ನಾನು ಇನ್ನೊಮ್ಮೆ ಹೇಳಿದೆ.